ಒಂದೇ ಬದಿಗೆ ಬಾಗಿಲಿರುವ ರೈಲು

ಬ್ರಿಟನ್ನಿನ ವೇಲ್ಸ್ ನಾಡಿನ ಪಶ್ಚಿಮ ಕರಾವಳಿಯಲ್ಲಿ ಟವಿನ್ ಎಂಬ ಊರಿದೆ. ಅಲ್ಲಿಂದ ಬೆಟ್ಟಗಳ ಕಡೆಗೆ ಹೊರಡುವ ಟಾಲಿಲಿನ್ ರೈಲಿನ ಹಳೆಯ ಡಬ್ಬಿಗಳಿಗೆ ಒಂದೇ ಬದಿಗೆ ಬಾಗಿಲು. ನಿಲ್ದಾಣಗಳ ಕಟ್ಟೆಗಳೂ ಅದೇ ಬದಿಗೆ. ಇನ್ನೊಂದು ಬದಿಯಿಂದ ಹತ್ತುವುದಕ್ಕೂ ಆಗದು, ಇಳಿಯುವುದಕ್ಕೂ ಆಗದು. 1866ರಲ್ಲಿ ನಡೆದ ಒಂದು ಅಳತೆಯ ತಪ್ಪು ಇದಕ್ಕೆ ಕಾರಣ.

ಆ ವರ್ಷ ಹಳಿ ಹಾಕಿ ಮುಗಿದಿತ್ತು. ಸರಕಾರದ ರೈಲ್ವೆ ತಪಾಸಣಾಧಿಕಾರಿ ಕ್ಯಾಪ್ಟನ್ ಟೈಲರ್ ಪರೀಕ್ಷೆಗೆ ಬಂದರು. ಜನರನ್ನು ಕೂರಿಸಿಕೊಂಡು ಓಡಬೇಕಾದರೆ ಅವರ ಒಪ್ಪಿಗೆ ಬೇಕು. ಹಳಿಯ ಮೇಲಿಂದ ರಸ್ತೆ ದಾಟಿಸುವ ಸೇತುವೆಗಳ ಕೆಳಗೆ ಅವರು ಅಳೆದು ನೋಡಿದರು. ಸೇತುವೆಯ ಒಳ ಅಗಲ 9 ಅಡಿ 1 ಅಂಗುಲ. ಡಬ್ಬಿಯ ಅಗಲ 5 ಅಡಿ ಮೂರೂವರೆ ಅಂಗುಲ. ಒಂದೊಂದು ಬದಿಗೆ ಉಳಿಯುವ ಜಾಗ ಎರಡಡಿಯೂ ಇಲ್ಲ, ಇರಬೇಕಾದದ್ದು ಎರಡೂವರೆ ಅಡಿ. ರೈಲು ಸೇತುವೆಯ ಕೆಳಗೆ ಕೆಟ್ಟು ನಿಂತರೆ ಬಾಗಿಲು ತೆರೆದು ಜನ ಇಳಿಯುವುದಾದರೂ ಹೇಗೆ? ಸೇತುವೆಗಳನ್ನು ಒಡೆದು ಕಟ್ಟುವಷ್ಟು ದುಡ್ಡು ಕಂಪನಿಯ ಬಳಿ ಇರಲಿಲ್ಲ. ಕೊನೆಗೆ ಒಂದು ಉಪಾಯ ಹೊಳೆಯಿತು. ಸೇತುವೆಗಳ ಕೆಳಗೆ ಹಳಿಯನ್ನು ಒಂದು ಬದಿಗೆ ಸರಿಸಿದರು. ಇಕ್ಕಟ್ಟಾದ ಬದಿಯ ಬಾಗಿಲುಗಳನ್ನು ಕಾಯಂ ಮುಚ್ಚಿಬಿಟ್ಟರು.

ಟೈಲರ್ ಇಂಜಿನ್ನುಗಳನ್ನೂ ಓಡಿಸಿ ನೋಡಿದರು. ಇದ್ದವು ಎರಡೇ. ಎರಡೂ ಇಂಗ್ಲೆಂಡಿನ ವೈಟ್‌ಹೇವನ್ ಊರಿನ ಫ್ಲೆಚರ್ ಜೆನಿಂಗ್ಸ್ ಕಾರ್ಖಾನೆಯಲ್ಲಿ ತಯಾರಾದವು. ಮೊದಲನೆಯದು 1864ರದ್ದು, ಹೆಸರು ‘ಟಾಲಿಲಿನ್’. ಬಾಯ್ಲರಿನ ಬೆನ್ನಿನ ಮೇಲೆ ಕುದುರೆಗೆ ಜೀನು ಹಾಕಿದಂತೆ ನೀರಿನ ತೊಟ್ಟಿ, ಕೆಳಗೆ ನಾಲ್ಕೇ ಗಾಲಿ. ಬೆಂಕಿಗೂಡು ಹಿಂಗಾಲಿಗಳಾಚೆ ಚಾಚಿಕೊಂಡಿದ್ದರಿಂದ ಹಿಂಬದಿಗೆ ಆಸರೆ ಸಾಲದೆ ಇಂಜಿನ್ನು ಏರಿ ಇಳಿದು ಕುಣಿಯುತ್ತಿತ್ತು. ಎರಡನೆಯದು 1866ರದ್ದು, ಹೆಸರು ‘ಡಾಲ್ಗೋಖ್’. ಆ ದಾರಿಯಲ್ಲೇ ಇರುವ ಒಂದು ಜಲಪಾತದ ಹೆಸರದು. ಇದರ ರಚನೆಯೇ ಬೇರೆ. ಹಿಂದಿನ ಅಚ್ಚು ಬೆಂಕಿಗೂಡಿನ ಹಿಂದೆ ಇದೆ. ಮುಂದಿನ ಗಾಲಿಗೂ ಹಿಂದಿನ ಗಾಲಿಗೂ ನಡುವೆ, ಇಷ್ಟು ಚಿಕ್ಕ ಇಂಜಿನ್ನಿಗೆ ಅತಿ ಎನಿಸುವಷ್ಟು ಅಂತರ. ಇದು ಏರಿ ಇಳಿಯುತ್ತಿರಲಿಲ್ಲ, ಅಡ್ಡಡ್ಡ ಓಲಾಡುತ್ತಿತ್ತು. ಎರಡೂ ದೋಷಗಳನ್ನು ಟೈಲರ್ ವರದಿಯಲ್ಲಿ ಬರೆದರು. ಟಾಲಿಲಿನ್ ಇಂಜಿನ್ನು ವೈಟ್‌ಹೇವನ್ನಿಗೆ ಮರಳಿ ಹೋಯಿತು. 1867ರಲ್ಲಿ ಅದರ ಹಿಂಬದಿಗೆ ಒಂದು ಜೊತೆ ಚಿಕ್ಕ ಗಾಲಿ ಕೂರಿಸಿದರು. ಕುಣಿತ ತಗ್ಗಿತು. ಡಾಲ್ಗೋಖ್‌ನ ಉದ್ದ ಅಂತರ ಹಾಗೆಯೇ ಉಳಿಯಿತು, ಇವತ್ತಿಗೂ ಇದೆ.

ಈ ರೈಲು ಹುಟ್ಟಿದ್ದು ಹತ್ತಿಯಿಂದ. ಧಾರವಾಡ ಸೀಮೆಯವರಿಗೆ ಇದರ ಅರ್ಧ ಕಥೆ ಗೊತ್ತಿರುವುದೇ. 1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಶುರುವಾಯಿತು. ದಕ್ಷಿಣದ ಬಂದರುಗಳು ಮುಚ್ಚಿದವು, ಮ್ಯಾಂಚೆಸ್ಟರಿನ ಗಿರಣಿಗಳಿಗೆ ಹತ್ತಿ ಬರುವುದು ನಿಂತಿತು. ಆಗ ಇಲ್ಲಿಯ ಹತ್ತಿಗೆ ಹಿಂದೆಂದೂ ಕಾಣದ ಬೆಲೆ ಬಂತು. ಎರಿಭೂಮಿಯ ಹತ್ತಿ ಎತ್ತಿನ ಬಂಡಿಗಳಲ್ಲಿ ಘಟ್ಟ ಇಳಿದು ಕುಮಟೆಗೆ ಹೋಗಿ ಹಡಗು ಹತ್ತಿತು. ಇಂಗ್ಲೆಂಡಿನ ಮಾರುಕಟ್ಟೆಯಲ್ಲಿ ಒಂದು ಜಾತಿಯ ಹತ್ತಿಗೆ ಕುಮಟಾ ಎಂಬ ಹೆಸರೇ ನಿಂತಿತು. ಹತ್ತಿ ಸಾಗಿಸಲು ಕಾರವಾರದ ಬಂದರು ಬೇಕೆಂದು ಉತ್ತರ ಕನ್ನಡ ಜಿಲ್ಲೆಯನ್ನು ಮದ್ರಾಸಿನಿಂದ ಬಿಡಿಸಿ 1862ರಲ್ಲಿ ಮುಂಬಯಿ ಪ್ರಾಂತಕ್ಕೆ ಸೇರಿಸಿದ್ದೂ ಆ ಗದ್ದಲದಲ್ಲೇ.

ಆದರೆ ನಮ್ಮ ಹತ್ತಿಯ ಎಳೆ ಗಿಡ್ಡ. ನಯವಾದ ನೂಲು ತೆಗೆಯುವವರಿಗೆ ಅದು ಒಗ್ಗಲಿಲ್ಲ. ಮ್ಯಾಂಚೆಸ್ಟರಿನ ಮೆಕಾನೆಲ್ ಮನೆತನ ಅಂಥ ನಯದ ನೂಲಿಗೆ ಹೆಸರಾದದ್ದು, ಅವರ ಗಿರಣಿಗಳು ಆ ಊರಿನ ದೊಡ್ಡ ಗಿರಣಿಗಳ ಸಾಲಿನಲ್ಲಿದ್ದವು. ಹತ್ತಿಯ ದಾರಿ ಕಟ್ಟಿದಾಗ ಅವರು ದುಡ್ಡನ್ನು ಬೇರೆ ಕಡೆ ತೊಡಗಿಸಲು ಹೊರಟರು. ಕಣ್ಣು ಬಿದ್ದದ್ದು ವೇಲ್ಸಿನ ಬ್ರಿನ್ ಎಗ್ಲುಯಿಸ್ ಎಂಬಲ್ಲಿದ್ದ ಸ್ಲೇಟುಕಲ್ಲಿನ ಗಣಿಯ ಮೇಲೆ. ನಮಗೆ ಸ್ಲೇಟು ಎಂದರೆ ಅಕ್ಷರ ತಿದ್ದಿದ ಪಾಟಿ. ಅಲ್ಲಿ ಅದು ಮನೆಯ ಸೂರು. ಇಂಗ್ಲೆಂಡಿನ ಗಿರಣಿ ಊರುಗಳಲ್ಲಿ ಸಾಲುಸಾಲಾಗಿ ಎದ್ದ ಕೂಲಿಕಾರರ ಮನೆಗಳಿಗೆಲ್ಲ ವೇಲ್ಸಿನ ಸ್ಲೇಟೇ ಹಂಚು. ಅಲ್ಲಿಯವರೆಗೆ ಈ ಗಣಿಯ ಸ್ಲೇಟು ಕುದುರೆಯ ಬೆನ್ನೇರಿ ಬೆಟ್ಟ ದಾಟಿ ನೀರಿನ ಬದಿಗೆ ಇಳಿಯುತ್ತಿತ್ತು. ಹೇರು ಸಣ್ಣದು, ಲಾಭವೂ ಸಣ್ಣದು. 1864ರಲ್ಲಿ ಮೆಕಾನೆಲ್ಲರು ಕಂಪನಿ ಕಟ್ಟಿ ಗಣಿ ಹಿಡಿದರು. ಕಣಿವೆಗುಂಟ ಟವಿನ್ನಿಗೆ ರೈಲುದಾರಿ ಹಾಕಲು ನಿಶ್ಚಯಿಸಿದರು. ಕಣಿವೆಯ ಜನರನ್ನೂ ಕೂರಿಸಿಕೊಳ್ಳೋಣ ಎಂದು 1865ರಲ್ಲಿ ಪಾರ್ಲಿಮೆಂಟಿನಿಂದ ಕಾಯಿದೆಯ ಒಪ್ಪಿಗೆ ಪಡೆದರು. ಅದೇ 1865ರಲ್ಲಿ ಅಮೆರಿಕದ ಯುದ್ಧ ಮುಗಿಯಿತು. ನಮ್ಮಲ್ಲಿ ಹತ್ತಿಯ ಬೆಲೆ ಬಿತ್ತು. ಅಲ್ಲಿ ಮೆಕಾನೆಲ್ಲರ ಕೈಯಲ್ಲಿ ಗಣಿ ಮತ್ತು ರೈಲು ಉಳಿದವು.

ಆ ಹಳಿಯ ಅಗಲ 2 ಅಡಿ 3 ಅಂಗುಲ, ನಮ್ಮ ಮೀಟರ್ ಗೇಜಿಗಿಂತ ಒಂದಡಿ ಕಿರಿದು. ಟವಿನ್ನಿನಿಂದ ಅಬರ್‌ಗನೋಲ್ವಿನ್ ನಿಲ್ದಾಣಕ್ಕೆ ಆರೂವರೆ ಮೈಲಿ. ದಾರಿಯಲ್ಲಿ ಡಾಲ್ಗೋಖ್ ಕೊರಕಲಿಗೆ ಅಡ್ಡಲಾಗಿ ಇಟ್ಟಿಗೆಯ ಮೂರು ಕಮಾನಿನ ಸೇತುವೆ, ಎತ್ತರ 51 ಅಡಿ. ನಿಲ್ದಾಣದಿಂದ ಮುಂದೆ ಮುಕ್ಕಾಲು ಮೈಲಿ ಸ್ಲೇಟಿನ ಗಾಡಿಗಳಿಗಷ್ಟೇ ದಾರಿ. ಅದು ಬೆಟ್ಟದ ಬುಡಕ್ಕೆ ಹೋಗಿ ನಿಲ್ಲುತ್ತಿತ್ತು. ಅಲ್ಲಿಂದ ಮೇಲೆ ಇಂಜಿನ್ನಿಗೆ ಕೆಲಸವಿಲ್ಲ. ಕಡಿದಾದ ಇಳಿಜಾರಿನಲ್ಲಿ ತುಂಬಿದ ಗಾಡಿಗಳು ಹಗ್ಗ ಕಟ್ಟಿಸಿಕೊಂಡು ಕೆಳಗಿಳಿಯುವಾಗ ಹಗ್ಗದ ಇನ್ನೊಂದು ತುದಿಗಿದ್ದ ಖಾಲಿ ಗಾಡಿಗಳನ್ನು ಮೇಲಕ್ಕೆಳೆಯುತ್ತಿದ್ದವು. ಬಾವಿಯ ರಾಟೆಯ ಎರಡು ಕೊಡಗಳಂತೆ. ಗಣಿ ಚೆನ್ನಾಗಿದ್ದ ಕಾಲದಲ್ಲಿ ಸುಮಾರು 300 ಜನಕ್ಕೆ ಅಲ್ಲಿ ಕೆಲಸವಿತ್ತು, ವರ್ಷಕ್ಕೆ ಸುಮಾರು 8,000 ಟನ್ ಸ್ಲೇಟು ಇಳಿಯುತ್ತಿತ್ತು. ಅದಕ್ಕಿಂತ ಮೇಲೆ ಅದು ಏರಲಿಲ್ಲ. ಮೆಕಾನೆಲ್ಲರು ಕಂಡ ಕನಸಿಗೆ ಅದು ಸಾಲಲಿಲ್ಲ.

ಈ ಸಾಲದಿರುವಿಕೆಯನ್ನು ಒತ್ತಿ ಹೇಳಬೇಕು. ಗಣಿಯಲ್ಲಿ ಹೊನ್ನು ಸುರಿದಿದ್ದರೆ ಕಂಪನಿ ಹತ್ತಿಪ್ಪತ್ತು ವರ್ಷದಲ್ಲಿ ಹೊಸ ಇಂಜಿನ್ನು ಕೊಂಡು ಹಳೆಯವನ್ನು ಗುಜರಿಗೆ ಹಾಕುತ್ತಿತ್ತು. ಹೆಚ್ಚಿನ ರೈಲುಗಳು ಮಾಡಿದ್ದು ಅದನ್ನೇ. ಟಾಲಿಲಿನ್ ರೈಲು ಎಂಬತ್ತಕ್ಕೂ ಹೆಚ್ಚು ವರ್ಷ ಆ ಎರಡೇ ಇಂಜಿನ್ನುಗಳಿಂದ ನಡೆಯಿತು. ಒಂದು ಶೆಡ್ಡಿನಲ್ಲಿ ಬಿಚ್ಚಿಸಿಕೊಂಡು ಮಲಗಿದ್ದರೆ ಇನ್ನೊಂದು ಎಳೆಯುತ್ತಿತ್ತು. ಬೋಯರ್ ಯುದ್ಧದ ಹುಮ್ಮಸ್ಸಿನಲ್ಲಿ ಡಾಲ್ಗೋಖ್‌ಗೆ ಕೆಲವು ಕಾಲ ‘ಪ್ರಿಟೋರಿಯಾ’ ಎಂದು ಹೆಸರು ಬದಲಿಸಿದ್ದರು. ಅದು ನಿಲ್ಲಲಿಲ್ಲ, ಹಳೆಯ ಹೆಸರೇ ಮರಳಿತು. ಡಬ್ಬಿಗಳೂ ಮೊದಲಿನವೇ ನಾಲ್ಕು, ಜೊತೆಗೆ ಗಾರ್ಡಿನ ಡಬ್ಬಿ ಒಂದು. ನಡುವಿನ ನಿಲ್ದಾಣಗಳಲ್ಲಿ ಟಿಕೆಟು ಕೊಡಲು ಮಾಸ್ತರರು ಇರಲಿಲ್ಲ. ಗಾರ್ಡಿನ ಡಬ್ಬಿಗೇ ಕಿಂಡಿಯಿತ್ತು, ರೈಲು ನಿಂತಾಗ ಗಾರ್ಡು ಅಲ್ಲಿಂದಲೇ ಟಿಕೆಟು ಹರಿಯುತ್ತಿದ್ದ.

1911ರ ಹೊತ್ತಿಗೆ ಮೆಕಾನೆಲ್ಲರಿಗೆ ಗಣಿ ಸಾಕಾಗಿತ್ತು. ಗಣಿಯನ್ನೂ ರೈಲನ್ನೂ ಒಟ್ಟಿಗೆ 5,250 ಪೌಂಡಿಗೆ ಕೊಂಡವರು ಹೆನ್ರಿ ಹೇಡನ್ ಜೋನ್ಸ್. ಟವಿನ್ನಿನಲ್ಲಿ ಅವರದು ಕಬ್ಬಿಣದ ಸಾಮಾನಿನ ಅಂಗಡಿ. ಹಿಂದಿನ ವರ್ಷವಷ್ಟೇ ಮೆರಿಯೊನೆತ್ ಕ್ಷೇತ್ರದಿಂದ ಲಿಬರಲ್ ಪಕ್ಷದ ಪಾರ್ಲಿಮೆಂಟ್ ಸದಸ್ಯರಾಗಿ ಆಯ್ಕೆಯಾಗಿದ್ದರು. 1945ರವರೆಗೂ ಆ ಕ್ಷೇತ್ರ ಅವರ ಕೈಬಿಡಲಿಲ್ಲ. ಗಣಿ ನಿಂತರೆ ಅಬರ್‌ಗನೋಲ್ವಿನ್ ಹಳ್ಳಿಯೇ ಉಪವಾಸ ಬೀಳುತ್ತದೆ ಎಂಬುದು ಅವರಿಗೆ ಗೊತ್ತಿತ್ತು. ಹೊಸ ಹಳಿಗೆ, ಹೊಸ ಇಂಜಿನ್ನಿಗೆ ಅವರು ದುಡ್ಡು ಹಾಕಿದವರಲ್ಲ, ಹಾಕುವಷ್ಟು ಆದಾಯವೂ ಇರಲಿಲ್ಲ. ಆದರೆ ತಾನು ಬದುಕಿರುವವರೆಗೆ ರೈಲು ಓಡುತ್ತದೆ ಎಂದು ಮಾತು ಕೊಟ್ಟಿದ್ದರು. ಬೇಸಿಗೆಯಲ್ಲಿ ಜಲಪಾತ ನೋಡಲು ಬರುವವರ ಟಿಕೆಟಿನ ಹಣ ಖರ್ಚಿಗೆ ಸಾಲದಿದ್ದಾಗ ಕೊರತೆಯನ್ನು ತಾವೇ ತುಂಬಿದರು.

1946ರ ಡಿಸೆಂಬರ್ 26ರಂದು ಗಣಿ ಒಳಗೇ ಕುಸಿಯಿತು. ಅಪಾಯವೆಂದು ಕೆಲಸ ನಿಲ್ಲಿಸಿದರು. ಟಾಲಿಲಿನ್ ಇಂಜಿನ್ನು ಅದಕ್ಕೂ ಮೊದಲೇ ಸವೆದು ಮೂಲೆ ಸೇರಿತ್ತು. ಉಳಿದದ್ದು ಡಾಲ್ಗೋಖ್ ಒಂದೇ. ಎರಡನೇ ಮಹಾಯುದ್ಧ ಮುಗಿದ ವರ್ಷ ಅದನ್ನು ಶ್ರೂಸ್‌ಬರಿಯ ಫೌಂಡ್ರಿಯೊಂದಕ್ಕೆ ಕಳಿಸಿ ರಿಪೇರಿ ಮಾಡಿಸಿ ತಂದಿದ್ದರು. ವಾರಕ್ಕೆ ಎರಡು ದಿನ, ಮೂರು ದಿನ ರೈಲು. ಹಳಿಗಳು 1860ರ ದಶಕದವು. ಮರದ ಸ್ಲೀಪರುಗಳು ಕೊಳೆತಿದ್ದವು, ಹುಲ್ಲು ಹಳಿಯನ್ನು ಮುಚ್ಚಿತ್ತು. ಎಷ್ಟೋ ಕಡೆ ಹಳಿಗಳೆರಡೂ ಅಗಲಕ್ಕೆ ಬಿಟ್ಟುಕೊಳ್ಳದಂತೆ ಹಿಡಿದಿದ್ದದ್ದೇ ಹುಲ್ಲಿನ ಬೇರು. 1948ರಲ್ಲಿ ಬ್ರಿಟನ್ನಿನ ರೈಲುಗಳನ್ನೆಲ್ಲ ಸರಕಾರ ವಹಿಸಿಕೊಂಡಿತು. ಟಾಲಿಲಿನ್ನಿನ ಹೆಸರು ಆ ಪಟ್ಟಿಯಲ್ಲಿ ಇರಲಿಲ್ಲ. ಇದ್ದಿದ್ದರೆ ಮರುವರ್ಷವೇ ಅದನ್ನು ಕಿತ್ತು ಮಾರುತ್ತಿದ್ದರು ಎಂದು ನನಗೆ ಖಚಿತವಾಗಿ ಅನಿಸುತ್ತದೆ. ಪಕ್ಕದ ಕಣಿವೆಯಲ್ಲಿ ಆದದ್ದು ಅದೇ. ಅಲ್ಲಿ ಕಾರಿಸ್ ಎಂಬ ರೈಲಿತ್ತು, ಅದರದೂ 2 ಅಡಿ 3 ಅಂಗುಲದ ಹಳಿ. ಅದು ಸರಕಾರದ ಕೈಸೇರಿತು. 1948ರ ಆಗಸ್ಟಿನಲ್ಲಿ ಡೊವಿ ನದಿ ಉಕ್ಕಿ ದಡ ಕೊರೆದದ್ದೇ ನೆಪವಾಗಿ ಅದನ್ನು ಮುಚ್ಚಿ ಹಳಿ ಕಿತ್ತರು.

ಈ ಹೊತ್ತಿಗೆ ಟಾಮ್ ರೋಲ್ಟ್ ಬಂದರು. ಅವರು ಇಂಜಿನಿಯರು, ಬರಹಗಾರರು. ದೋಣಿಯಲ್ಲೇ ಮನೆ ಮಾಡಿಕೊಂಡು ಇಂಗ್ಲೆಂಡಿನ ಹಳೆಯ ಕಾಲುವೆಗಳಲ್ಲಿ ತಿರುಗಿ 1944ರಲ್ಲಿ ಪುಸ್ತಕ ಬರೆದಿದ್ದರು. ಕಾಲುವೆಗಳನ್ನು ಉಳಿಸಲು 1946ರಲ್ಲಿ ಸಂಘ ಕಟ್ಟಿದವರಲ್ಲಿ ಒಬ್ಬರು. ಯುದ್ಧದ ವರ್ಷಗಳಲ್ಲಿ ಒಮ್ಮೆ ಟಾಲಿಲಿನ್ ರೈಲು ಹತ್ತಲು ಬಂದಾಗ ಅವರಿಗೆ ಸಿಕ್ಕಿದ್ದು ಈ ದಿನ ರೈಲಿಲ್ಲ ಎಂಬ ಫಲಕ. ಹಳಿಗುಂಟ ನಡೆದು ಹೋದರು. ಆ ನಡಿಗೆ ಅವರ ಮನಸ್ಸಿನಲ್ಲಿ ನಿಂತಿತು. ಮುಂದೆ ಗೆಳೆಯರೊಂದಿಗೆ ಬಂದು ಹೇಡನ್ ಜೋನ್ಸರನ್ನು ಕಂಡು ಮಾತಾಡಿದರು.

1950ರ ಜುಲೈ 2ರಂದು ಹೇಡನ್ ಜೋನ್ಸ್ ತೀರಿಕೊಂಡರು. ಮಾತು ಉಳಿಸಿಕೊಂಡೇ ಹೋದರು. ಆ ಬೇಸಿಗೆಯ ಕೊನೆಯವರೆಗೂ ರೈಲು ಓಡಿತು. ಅಕ್ಟೋಬರ್ 11ರಂದು ಬರ್ಮಿಂಗ್‌ಹ್ಯಾಮಿನ ಇಂಪೀರಿಯಲ್ ಹೋಟೆಲಿನಲ್ಲಿ ರೋಲ್ಟ್ ಮತ್ತು ಗೆಳೆಯರು ಸಭೆ ಕರೆದರು. ಸುಮಾರು ಎಪ್ಪತ್ತು ಜನ ಸೇರಿದರು. ಕಾರ್ಖಾನೆ, ಕಚೇರಿಗಳಲ್ಲಿ ಕೆಲಸ ಮಾಡುವ ಸಾಮಾನ್ಯರು. ಸಂಬಳವಿಲ್ಲದೆ ರಜೆಯ ದಿನಗಳಲ್ಲಿ ದುಡಿದು ರೈಲು ನಡೆಸೋಣ ಎಂಬುದು ಅವರ ಮುಂದಿದ್ದ ಮಾತು. ಹೀಗೆ ಜಗತ್ತಿನಲ್ಲಿ ಅದುವರೆಗೆ ಯಾವ ರೈಲೂ ಉಳಿದಿರಲಿಲ್ಲ. ಹೇಡನ್ ಜೋನ್ಸರ ಪತ್ನಿ ಒಪ್ಪಿದರು. 1951ರ ಫೆಬ್ರವರಿಯಲ್ಲಿ ರೈಲು ಅವರು ಕಟ್ಟಿದ ಸಂಘದ ಹೊಸ ವ್ಯವಸ್ಥೆಗೆ ಬಂತು. ರೋಲ್ಟ್ ಮ್ಯಾನೇಜರಾಗಿ ಟವಿನ್ನಿಗೆ ಬಂದು ನಿಂತರು.

ಬಂದವರಿಗೆ ಮೊದಲು ಬೇಕಾದದ್ದು ಇಂಜಿನ್ನು. ಕಾರಿಸ್ ರೈಲಿನ ಎರಡು ಇಂಜಿನ್ನುಗಳು ಮಖಂಖ್ಲೆತ್ ಊರಿನ ಯಾರ್ಡಿನಲ್ಲಿ ಹಾಗೇ ನಿಂತಿದ್ದವು. ತಲೆಗೆ 25 ಪೌಂಡಿನಂತೆ ಸರಕಾರ ಎರಡನ್ನೂ ಕೊಟ್ಟಿತು. ಒಂದು 1878ರದ್ದು, ಇನ್ನೊಂದು ಕೆರ್ ಸ್ಟುವರ್ಟ್ ಕಾರ್ಖಾನೆಯ 1921ರದ್ದು. ಕಾರಿಸ್‌ನಲ್ಲಿ ಅವುಗಳ ನಂಬರು 3 ಮತ್ತು 4. ಟಾಲಿಲಿನ್ನಿನಲ್ಲಿ ಇದ್ದವು ಒಂದು ಮತ್ತು ಎರಡು. ಹಾಗಾಗಿ ನಂಬರು ಅಳಿಸುವ ಪ್ರಮೇಯವೇ ಬರಲಿಲ್ಲ, ಮೊದಲಿನಿಂದಲೂ ಇಲ್ಲಿಗೇ ಸೇರಬೇಕೆಂದು ಎಣಿಸಿಟ್ಟಂತೆ. ಮೂರನೆಯದಕ್ಕೆ ‘ಸರ್ ಹೇಡನ್’ ಎಂದು ಹೆಸರಿಟ್ಟರು. ನಾಲ್ಕನೆಯದಕ್ಕೆ ರೈಲಿನ ಹಳೆಯ ಮ್ಯಾನೇಜರ್ ‘ಎಡ್ವರ್ಡ್ ಥಾಮಸ್’ ಅವರ ಹೆಸರು.

ಆದರೆ ಸರ್ ಹೇಡನ್ ಹಳಿಯ ಮೇಲೆ ನಿಲ್ಲಲೊಲ್ಲದು. ಟಾಲಿಲಿನ್ನಿನ ಹಳಿಗಳು ಕೊಳೆತ ಸ್ಲೀಪರುಗಳ ಮೇಲೆ ಅಗಲವಾಗಿದ್ದವು. ಡಾಲ್ಗೋಖ್‌ನ ಗಾಲಿಯ ಪಟ್ಟಿ ಅಗಲ, ಹಳಿ ತುಸು ಸರಿದರೂ ಅದಕ್ಕೆ ಹಿಡಿತ ಸಿಗುತ್ತಿತ್ತು. ಸರ್ ಹೇಡನ್ನಿನದು ಕಿರಿದು, ಅದು ಹಳಿಗಳ ನಡುವೆ ನೆಲಕ್ಕಿಳಿದುಬಿಡುತ್ತಿತ್ತು. ಎಡ್ವರ್ಡ್ ಥಾಮಸ್‌ಗೆ ರಿಪೇರಿ ಆಗಬೇಕಿತ್ತು. ಲೀಡ್ಸಿನ ಹನ್ಸ್‌ಲೆಟ್ ಕಂಪನಿ ಆ ಕೆಲಸವನ್ನು ದುಡ್ಡು ಮುಟ್ಟದೆ ಮಾಡಿಕೊಟ್ಟಿತು, ಅದು ಕೆಲಸಕ್ಕೆ ಬಂದದ್ದು 1952ರಲ್ಲಿ. 1951ರ ಇಡೀ ಭಾರ ಡಾಲ್ಗೋಖ್‌ನ ಮೇಲೆಯೇ ಬಿತ್ತು.

ಮೇ 14, ಸೋಮವಾರ, ಹಬ್ಬದ ರಜೆ. ಟವಿನ್ನಿನಿಂದ ನಡುದಾರಿಯ ರಿಡರೋನೆನ್‌ವರೆಗೆ ಹೊಸ ಕಾಲದ ಮೊದಲ ರೈಲು ಹೊರಟಿತು. ಜೂನ್‌ನಿಂದ ಅಬರ್‌ಗನೋಲ್ವಿನ್‌ವರೆಗೂ. ಎಂಬತ್ತೈದು ವರ್ಷದ ಇಂಜಿನ್ನು. ಅದು ಕೆಟ್ಟರೆ ಬದಲಿಯಿಲ್ಲ. ಸಂಘ ಮೊದಲ ವರ್ಷವೇ ಮುಗ್ಗರಿಸಿದರೆ ಎರಡನೆಯ ವರ್ಷವಿಲ್ಲ. ಬೆಳಗ್ಗೆ ಬೆಂಕಿ ಹಾಕುವವರಿಂದ ಹಿಡಿದು ಹಳಿಯ ಹುಲ್ಲು ಕೊಯ್ಯುವವರವರೆಗೆ ಎಲ್ಲರಿಗೂ ಇದು ಗೊತ್ತಿತ್ತು. ಅಂಥ ಹಳಿಯ ಮೇಲೆ, ಅಂಥ ಬಾಯ್ಲರು ಹೊತ್ತು ಡಾಲ್ಗೋಖ್ ಬೇಸಿಗೆಯನ್ನು ದಾಟಿಸಿತು. ರೈಲಿನ ಇತಿಹಾಸದಲ್ಲಿ ವೇಗಕ್ಕೆ, ಬಲಕ್ಕೆ ಹೆಸರಾದ ಇಂಜಿನ್ನುಗಳು ಬೇಕಾದಷ್ಟಿವೆ. ನನಗೆ ಈ ಒಂದು ಬೇಸಿಗೆಯ ದುಡಿಮೆ ಅವೆಲ್ಲಕ್ಕಿಂತ ದೊಡ್ಡದಾಗಿ ಕಾಣುತ್ತದೆ.

ಮುಂದೆ ಸೈನ್ಯದ ಇಂಜಿನಿಯರಿಂಗ್ ದಳದವರೂ ಬಂದು ಹಳಿ ಹಾಕಿಕೊಟ್ಟರು. 1918ರಲ್ಲಿ ತಯಾರಾಗಿ ಬಹುಕಾಲ ವಿಮಾನದಳದ ನೆಲೆಯಲ್ಲಿ ದುಡಿದ ಇಂಜಿನ್ನೊಂದನ್ನು ಒಬ್ಬ ವ್ಯಾಪಾರಿ ದಾನ ಕೊಟ್ಟರು. ಅದರ ಹೆಸರು ‘ಡಗ್ಲಸ್’. ಅದರ ಗಾಲಿಗಳನ್ನು ಎರಡಡಿಯಿಂದ ಎರಡಡಿ ಮೂರು ಅಂಗುಲಕ್ಕೆ ಅಗಲಿಸಿ 1954ರಲ್ಲಿ ಹಳಿಗಿಳಿಸಿದರು. ನಂತರ ಹಳೆಯ ಜೋಡಿಯ ಸರದಿ. ಟಾಲಿಲಿನ್ ಪೂರ್ತಿ ಹೊಸದಾಗಿ 1958ರಲ್ಲಿ ಮರಳಿತು. ಡಾಲ್ಗೋಖ್‌ಗೆ ವಿಶ್ರಾಂತಿ ಸಿಕ್ಕಿ, ಬಿಚ್ಚಿ ಕಟ್ಟಿ ಮುಗಿದದ್ದು 1963ರಲ್ಲಿ. ಎರಡಕ್ಕೂ ಹೊಸ ಬಾಯ್ಲರು.

ಇಷ್ಟು ಬದಲಿಸಿದ ಮೇಲೆ ಇದು ಅದೇ ಇಂಜಿನ್ನೇ ಎಂದು ಕೇಳುವವರಿದ್ದಾರೆ. ಉಗಿ ಇಂಜಿನ್ನಿನ ಹತ್ತಿರ ಕೆಲಸ ಮಾಡಿದವರು ಈ ಪ್ರಶ್ನೆ ಕೇಳುವುದಿಲ್ಲ. ಬೆಂಕಿಗೂಡಿನ ತಗಡು ಸುಡುತ್ತದೆ, ನಳಿಗೆಗಳಲ್ಲಿ ಗಸಿ ಕಟ್ಟುತ್ತದೆ, ಗಾಲಿಯ ಪಟ್ಟಿ ಸವೆಯುತ್ತದೆ. ಓಡುವ ಇಂಜಿನ್ನಿಗೆ ಬಾಯ್ಲರು ಬದಲಿಸುವುದು ಮನೆಗೆ ಹಂಚು ಕೈಯಾಡಿಸಿದಂತೆ. ಡಾಲ್ಗೋಖ್‌ನ ಗಾಲಿಗಳ ನಡುವಿನ ಆ ಉದ್ದ ಅಂತರ, ಟಾಲಿಲಿನ್ನಿಗೆ 1867ರಲ್ಲಿ ಸೇರಿಸಿದ ಹಿಂಗಾಲಿ ಇವು ಅವುಗಳ ಮೈಕಟ್ಟು. ಅದನ್ನು ಯಾರೂ ಮುಟ್ಟಿಲ್ಲ.

ಸಂಘದ ಆ ಮೊದಲ ವರ್ಷಗಳಲ್ಲಿ ರಜೆಗೆ ಬಂದು ಗಾರ್ಡಿನ ಕೆಲಸ ಮಾಡಿ ಹೋದವರಲ್ಲಿ ಡಬ್ಲ್ಯೂ. ಆಡ್ರಿ ಎಂಬ ಪಾದ್ರಿ ಒಬ್ಬರು. ನಮ್ಮ ಮನೆಗಳ ಮಕ್ಕಳು ಟಿ.ವಿ.ಯಲ್ಲಿ ನೋಡುವ ಥಾಮಸ್ ಎಂಬ ನೀಲಿ ಇಂಜಿನ್ನು ಅವರದೇ ಸೃಷ್ಟಿ. 1955ರಲ್ಲಿ ಅವರು ಬರೆದ ‘ಫೋರ್ ಲಿಟಲ್ ಇಂಜಿನ್ಸ್’ ಪುಸ್ತಕದ ಸ್ಕಾರ್ಲೋಯಿ, ರೆನಿಯಾಸ್, ಸರ್ ಹ್ಯಾಂಡೆಲ್, ಪೀಟರ್ ಸ್ಯಾಮ್ ಎಂದರೆ ಟಾಲಿಲಿನ್ನಿನ ಒಂದು, ಎರಡು, ಮೂರು, ನಾಲ್ಕನೇ ನಂಬರುಗಳೇ.

1976ರಲ್ಲಿ ಸ್ಲೇಟಿನ ಗಾಡಿಗಳಿಗಷ್ಟೇ ಇದ್ದ ಕೊನೆಯ ಮುಕ್ಕಾಲು ಮೈಲಿಗೂ ಜನರ ರೈಲು ಹೋಗತೊಡಗಿತು. ಐರ್ಲೆಂಡಿನಲ್ಲಿ ಕಲ್ಲಿದ್ದಲಿಗೆ ಬದಲು ಜೌಗುಮಣ್ಣಿನ ಇಟ್ಟಿಗೆ ಸುಡಲೆಂದು 1949ರಲ್ಲಿ ಮಾಡಿದ ಇಂಜಿನ್ನೊಂದನ್ನು ಕೊಂಡು ತಂದು, ಬಹುಪಾಲು ಹೊಸದಾಗಿ ಕಟ್ಟಿ, 1991ರಲ್ಲಿ ಏಳನೇ ನಂಬರಾಗಿ ಓಡಿಸಿದರು. ಅದರ ಹೆಸರು ‘ಟಾಮ್ ರೋಲ್ಟ್’. 2021ರಲ್ಲಿ ವಾಯವ್ಯ ವೇಲ್ಸಿನ ಸ್ಲೇಟು ಸೀಮೆ ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದಾಗ ಬ್ರಿನ್ ಎಗ್ಲುಯಿಸ್ ಗಣಿ, ಅಬರ್‌ಗನೋಲ್ವಿನ್ ಹಳ್ಳಿ, ಟಾಲಿಲಿನ್ ರೈಲು ಮೂರೂ ಅದರಲ್ಲಿದ್ದವು.

ಪಕ್ಕದ ಕಣಿವೆಯ ಕಾರಿಸ್ ರೈಲಿನ ಸುದ್ದಿ ಒಂದು ಉಳಿಯಿತು. ಹಳಿ ಕಿತ್ತು ಹದಿನೆಂಟು ವರ್ಷಗಳಾದ ಮೇಲೆ, 1966ರಲ್ಲಿ, ಅದಕ್ಕೂ ಒಂದು ಸಂಘ ಹುಟ್ಟಿತು. ಟಾಲಿಲಿನ್ನಿನಲ್ಲಿ ದುಡಿದು ಕೈ ಪಳಗಿದವರೂ ಅದರಲ್ಲಿದ್ದರು. ಅವರಿಗೆ ಸಿಕ್ಕಿದ್ದು ಬರಿಯ ದಾರಿಯ ಗುರುತು. ಅಂಗುಲ ಅಂಗುಲವಾಗಿ ಹಳಿ ಹಾಕಿ 2002ರಲ್ಲಿ ಜನರನ್ನು ಕೂರಿಸಿಕೊಂಡರು. ಸರ್ ಹೇಡನ್ ತನ್ನ ಆ ತವರಿಗೆ ಹೋಗಿಬಂದದ್ದೂ ಇದೆ. ಅಲ್ಲಿಗೆ ಸ್ವಂತ ಉಗಿ ಇಂಜಿನ್ನು ಬೇಕಾದಾಗ ಅವರು ಮಾದರಿಯಾಗಿ ಆರಿಸಿಕೊಂಡದ್ದು ಎಡ್ವರ್ಡ್ ಥಾಮಸ್ ಅನ್ನು, ತಮ್ಮದೇ ಹಳೆಯ ನಾಲ್ಕನೇ ನಂಬರನ್ನು. 25 ಪೌಂಡಿಗೆ ಉಳಿದ ಇಂಜಿನ್ನಿನ ಅಚ್ಚಿನಲ್ಲೇ ಹೊಸದೊಂದನ್ನು ಕಟ್ಟಿದರು. ಕಟ್ಟಿ ಮುಗಿಸಲು ಹತ್ತು ವರ್ಷ ಹಿಡಿಯಿತು. 2005ರಲ್ಲಿ ಅದು ಕಾರಿಸ್ ಕಣಿವೆಯಲ್ಲಿ ಉಗಿ ಬಿಟ್ಟಿತು.